ಪರ್ತ್ ಆಂಬಾಯ್ ದಡದಲ್ಲಿ ಕಾಶಿಬಾಯಿ ಸಿದ್ದಿ

ಕಾಶಿಬಾಯಿ ಸಿದ್ದಿ ಅಮೆರಿಕದ ಮಾರಿಸ್‌ಟೌನ್‌ನಲ್ಲಿ ಫಿಸಿಯೋಥೆರಪಿಸ್ಟ್. ಹುಟ್ಟೂರು ಯಲ್ಲಾಪುರದ ಕಾಡಂಚಿನ ಹಳ್ಳಿ. ಗುಂಗುರು ಕೂದಲಿನ ಈ ಕಪ್ಪು ಹುಡುಗಿ ಅಲ್ಲಿನ ಫ್ಲಶಿಂಗ್ ಊರಿನ ಹಿಂದೂ ಗುಡಿಯ ಕ್ಯಾಂಟೀನಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಪಕ್ಕದ ಮೇಜಿನಲ್ಲಿದ್ದ ಮಾಧವಿ ಆಂಟಿ, "ವಾವ್, ಎಷ್ಟು ಚೆನ್ನಾಗಿ ಕನ್ನಡ ಪಿಕಪ್ ಮಾಡಿದೀಯಮ್ಮಾ!" ಎಂದಿದ್ದರು.

"ಪಿಕಪ್ ಮಾಡಿದ್ದಲ್ಲ ಆಂಟಿ, ನಮ್ಮವ್ವನ ಮಾತೇ ಇದು," ಎಂದು ಕಾಶಿಬಾಯಿ ನಕ್ಕಿದ್ದಳು.

ಸೊಂಟ ಮುರಿದುಕೊಂಡು ಅವಳ ಕೈಗೆ ಬಂದ ಅರ್ನೆಸ್ಟೀನ್ ಕಪ್ಪು ಜನಾಂಗದ ನಿವೃತ್ತ ಶಿಕ್ಷಕಿ. ಅವರು ಕೇಳಿದ್ದೇ ಬೇರೆ. "ನಿನ್ನವರನ್ನ ಇಂಡಿಯಾಕ್ಕೆ ತಂದವರು ಯಾರು, ಮಗಳೇ?"

ಹಾಗೆ ಯಾರೂ ಅವಳನ್ನು ಕೇಳಿರಲಿಲ್ಲ.

"ಪೋರ್ಚುಗೀಸರು. ಮೊಜಾಂಬಿಕ್ ಕಡೆಯಿಂದ ಗುಲಾಮರನ್ನ ಹಡಗಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರು. ನಮ್ಮವರು ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದರಂತೆ."

ವಾಕರ್ ಹಿಡಿದಿದ್ದ ಅರ್ನೆಸ್ಟೀನ್ ನಿಂತಲ್ಲೇ ನಿಂತರು. "ಓಡಿಹೋದರಾ? ಆ ಕಾಡು ಈಗಲೂ ಇದೆಯಾ?"

"ಇದೆ. ನಮ್ಮ ಜನವೂ ಇದಾರೆ. ಡಮಾಮಿ ಡೋಲು ಬಡಿದು ಕುಣೀತಾರೆ."

ಅರ್ನೆಸ್ಟೀನ್ ವಾಕರನ್ನು ಒಂದು ಹೆಜ್ಜೆ ಮುಂದೆ ತಳ್ಳಿದರು. ಆಮೇಲೆ ಹೇಳಿದರು: "ನನ್ನವರನ್ನ ಬ್ರಿಟಿಷರ ಹಡಗು ಇಲ್ಲೇ ಪರ್ತ್ ಆಂಬಾಯ್ ಬಂದರಿನಲ್ಲಿ ಇಳಿಸಿತಂತೆ. ಗುಲಾಮರನ್ನ ತಂದವನಿಗೆ ತಲೆಗಿಷ್ಟು ಅಂತ ಜಮೀನು ಕೊಡ್ತಿದ್ದರು ಇಲ್ಲಿ. ಆ ದಡಕ್ಕೆ ನನ್ನ ಕಾಲಲ್ಲೇ ನಡೆದು ಹೋಗಬೇಕು."

ಚಳಿಗಾಲವೆಲ್ಲ ಕಾಶಿಬಾಯಿ ಅವರನ್ನು ನಡೆಸಿದಳು. ಅವರು ನೋವಿಗೆ ಹಲ್ಲು ಕಚ್ಚುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಏಳುತ್ತಿದ್ದರು. ಮೇ ತಿಂಗಳ ಒಂದು ಭಾನುವಾರ ಕಾಶಿಬಾಯಿಯೇ ಡ್ರೈವ್ ಮಾಡಿಕೊಂಡು ಅವರನ್ನು ಆ ದಡಕ್ಕೆ ಕರೆದೊಯ್ದಳು. ಅರ್ನೆಸ್ಟೀನ್ ಕೋಲೂರಿಕೊಂಡು ನೀರಿನಂಚಿನ ಕಂಬಿಯವರೆಗೆ ನಡೆದರು. ಎದುರಿಗೆ ಕೊಲ್ಲಿ ಮಿರುಗುತ್ತಿತ್ತು. ಬಿಳಿ ಹಾಯಿದೋಣಿಗಳು, ಬಿಸಿಲು, ಐಸ್‌ಕ್ರೀಮ್ ಹಿಡಿದ ಮಕ್ಕಳು.

"ಒಂದೇ ಖಂಡದಿಂದ ನಿನ್ನವರನ್ನ ಒಬ್ಬ ರಾಜ ಪೂರ್ವಕ್ಕೆ ಎಳೆದ, ನನ್ನವರನ್ನ ಇನ್ನೊಬ್ಬ ಪಶ್ಚಿಮಕ್ಕೆ," ಎಂದರು ಅರ್ನೆಸ್ಟೀನ್. "ಇಷ್ಟು ದೊಡ್ಡ ಭೂಮಿ ಸುತ್ತಿ ಬಂದು ನನಗೆ ನಡೆಯೋದು ಕಲಿಸಿದವಳು ನೀನು!"

ಕಾಶಿಬಾಯಿ ಅವರ ಕೈ ಹಿಡಿದುಕೊಂಡಳು. ಆ ನೀರಿನ ಅಗಾಧತೆ ಅವಳಿಗೆ ಆಗ ತಿಳಿಯಿತು. ಅದನ್ನು ದಾಟಿಯೂ ಉಳಿದವರ ರಕ್ತ ತಮ್ಮಿಬ್ಬರ ಅಂಗೈಯಲ್ಲೂ ಬೆಚ್ಚಗಿತ್ತು.

"ಅಜ್ಜೀ, ನಮ್ಮೂರಿಗೆ ಬರ್ತೀರಾ?"

ಡಿಸೆಂಬರಿನಲ್ಲಿ ಅವರು ಬಂದೇ ಬಂದರು. ಸಿದ್ದಿ ಹೆಂಗಸರು ಅಂಗಳದಲ್ಲಿ ಚಾಪೆ ಹಾಸಿ, ಕಾಲಿಗೆ ಬಿಸಿನೀರು ಹೊಯ್ದು, ಊಟ ಯಾರ ಮನೆಯಲ್ಲಿ ಎಂದು ಗಟ್ಟಿಯಾಗಿ ಜಗಳಕ್ಕೆ ನಿಂತರು.