ಕಚ್ಚದ ತಳಿ

ಕುರ್ಚಿಗೆ ಬೆತ್ತ ಹೆಣೆಯುವ ಕುರುಡಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ದಾರಿ ತೋರಿಸಲು ಅವನಿಗೆ ಸಿಕ್ಕಿದ್ದು ಮಾತ್ರ ಹಸುವಿನಂಥ ಲ್ಯಾಬ್ರಡಾರ್ ನಾಯಿ.

ಒಂದು ಸಂಜೆ ಅಂಗಡಿ ಮುಚ್ಚಿ ಹೊರಟಾಗ ಕಳ್ಳನೊಬ್ಬ ನಾಯಿಯ ಪಕ್ಕೆಗೆ ಒದ್ದು, ಕುರುಡಣ್ಣನ ಬಾಯಿ ಅದುಮಿ ಚೀಲಕ್ಕೆ ಕೈ ಹಾಕಿದ. ನಾಯಿ ಕುಯ್ಯೆಂದಿತೇ ಹೊರತು ಹಲ್ಲು ತೋರಿಸಲಿಲ್ಲ. ಕುರುಡಣ್ಣ ಬಾಯಿಗೆ ಸಿಕ್ಕ ಹೆಬ್ಬೆರಳನ್ನು ಮೂಳೆ ತಾಗುವವರೆಗೆ ಕಚ್ಚಿದ. ಮೊಣಕೈಯಿಂದ ಅವನ ಮೂಗು ಜಜ್ಜಿದ. ಚೀರುತ್ತ ಓಡಿದವನ ಬೆನ್ನು ಹತ್ತಲು ಹೆಜ್ಜೆಯಿಟ್ಟರೆ ನಾಯಿ ಕಾಲಿಗೆ ಅಡ್ಡ ನಿಂತಿತು. ಬೈದು ನೂಕಿದರೂ ಕದಲಲಿಲ್ಲ. ಮುಖಕ್ಕೆ ಗಾಳಿ ಬಡಿದು ಲಾರಿಯೊಂದು ಹಾದುಹೋಯಿತು.

ಪಕ್ಕದಂಗಡಿಯ ಕ್ಷೌರಿಕ ಓಡಿ ಬಂದು ಗೊಣಗಿದ: "ಇಷ್ಟು ದೊಡ್ಡ ನಾಯಿ, ಒಂದ್ಸಲನಾದ್ರೂ ಕಚ್ಚಬಾರದಾ? ಕೂಳಿಗೆ ದಂಡ. ಬೇರೆ ತಳಿ ಸಾಕಣ್ಣ."

ಕುರುಡಣ್ಣ ಬಾಯಲ್ಲಿದ್ದ ರಕ್ತ ಉಗಿದ. "ಕಚ್ಚೋಕೆ ನಾನಿದ್ದೀನಲ್ಲೋ. ಇಬ್ರೂ ಕಚ್ತಾ ಕೂತ್ರೆ ರಸ್ತೆ ನೋಡೋರು ಯಾರು?"