ಐತಪ್ಪನ ‘ಬೇಡ’ ಮತ್ತು ವಾರ್ಡ್‌ಬಾಯ್ ಅಣ್ಣು

ಬೆಳಗಾಗುತ್ತಿದೆ. ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರ ಗಂಡಸರ ವಾರ್ಡಿನಲ್ಲಿ ಅಣ್ಣು ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಮುದುಕ ಐತಪ್ಪನವರ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ. ಐವತ್ತು ದಾಟಿ ತಲೆ ನರೆತರೂ ಆಸ್ಪತ್ರೆಯ ಪಾಲಿಗೆ ಅವರಿನ್ನೂ ‘ವಾರ್ಡ್‌ಬಾಯ್’. ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು, ಇಪ್ಪತ್ತು ವರ್ಷದಿಂದ ಇಲ್ಲಿ ರೋಗಿಗಳ ಮೈ ಒರೆಸುತ್ತಿದ್ದಾರೆ. ಮೂವತ್ತು ಮಂಚಕ್ಕೆ ಅವರೊಬ್ಬರೇ.

ಐತಪ್ಪ ಮಾಟುಂಗದ ಹೋಟೆಲಿನಲ್ಲಿ ಅರೆಯುವ ಕಲ್ಲು ತಿರುಗಿಸಿದವರು. ಸಂಧಿವಾತಕ್ಕೆ ಬೆರಳು ಸೆಟೆದುಕೊಂಡಾಗ ಡಾಕ್ಟರರು ಹೊಸದಾಗಿ ಬಂದ ಕಾರ್ಟಿಸೋನ್ ಎಂಬ ಗುಳಿಗೆ ಕೊಟ್ಟರು. ಕೈ ಸರಿಯಾಯಿತು, ತಲೆ ಕೆಟ್ಟಿತು. ನಿದ್ದೆಯಿಲ್ಲ, ಕೂಗಾಟ, ಗಂಜಿಗೆ ವಿಷ ಹಾಕಿದ್ದಾರೆಂಬ ಅನುಮಾನ. ಮಗ ಚೆನ್ನಯ ನೋಡಿದವನೇ ಕೈ ಮುಗಿದ. ಮನೆಯ ದೈವವೇ ಅಪ್ಪನ ಮೈಮೇಲೆ ಬಂದಿದೆಯೆಂದು ನಂಬಿ, ತಂಗಿ ವಿನೋದಿನಿಯ ಮದುವೆ ಮಾಡಬಹುದೇ ಎಂದು ಕೇಳಿಯೂಬಿಟ್ಟ. “ಬೇಡ!” ಎಂದು ಐತಪ್ಪ ಅಬ್ಬರಿಸಿದರು. ದೈವದ ನುಡಿಗೆ ಎದುರುಂಟೇ? ನಿಶ್ಚಯವಾಗಿದ್ದ ಮದುವೆ ನಿಂತೇಹೋಯಿತು.

“ಈ ಮದ್ದಿನಿಂದ ಕೆಲವರಿಗೆ ಹೀಗಾಗ್ತದಂತೆ, ಡಾಕ್ಟ್ರು ಹೇಳಿದ್ರು. ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ, ಮೆಲ್ಲ ಮೆಲ್ಲ ಇಳಿಸ್ಬೇಕು. ಅಷ್ಟು ದಿನ ಇವರನ್ನು ನೋಡಿಕೊಳ್ಳುದು ನನ್ನ ಕೆಲಸ,” ಎನ್ನುತ್ತಾರೆ ಅಣ್ಣು. ಅವರು ಬೈಗುಳ ತಿಂದರು, ಮುಖಕ್ಕೆ ಗಂಜಿ ಎರಚಿಸಿಕೊಂಡರು. ಮಂಚಕ್ಕೆ ಕಟ್ಟಿಹಾಕು ಎಂದವರ ಮಾತಿಗೆ ಒಪ್ಪಲಿಲ್ಲ. ಪ್ರತಿ ಊಟಕ್ಕೂ ಮೊದಲ ತುತ್ತು ತಾವೇ ತಿಂದು ತೋರಿಸಿ ಆಮೇಲೆ ಉಣ್ಣಿಸಿದರು.

ಮದ್ದು ಇಳಿದಂತೆ ಐತಪ್ಪ ತಿಳಿಯಾದರು. ಚೆನ್ನಯ ಮಾತ್ರ ಆ ‘ಬೇಡ’ ದೈವದ ನುಡಿಯೇ ಎಂಬ ಪಟ್ಟು ಬಿಡಲಿಲ್ಲ.

“ಡಾಕ್ಟ್ರು ಗುಳಿಗೆ ಕಡಿಮೆ ಮಾಡಿದ್ರೆ ಇಳಿದುಹೋಗುವ ದೈವ ಎಂತದ್ದು ಮಾರಾಯಾ? ಅವತ್ತು ಕೇಳಿದ್ದನ್ನೇ ಇವತ್ತು ಕೇಳು,” ಎಂದು ಅಣ್ಣು ಅವನನ್ನು ಮಂಚದ ಬಳಿ ನಿಲ್ಲಿಸಿದರು. ಚೆನ್ನಯ ಕೇಳಿದ. ಐತಪ್ಪ ಮಗನ ಮುಖವನ್ನೇ ನೋಡಿ, “ನನ್ನ ಮಗಳಿಗೆ ಮದುವೆ ಬೇಡ ಅಂದವ ಯಾವನು?” ಎಂದರು. ತಾನೇ ಅಂದದ್ದೆಂದು ತಿಳಿದಾಗ ಅತ್ತರು.

ಪುಣ್ಯಕ್ಕೆ ಗಂಡಿನ ಕಡೆಯವರು ಮತ್ತೆ ಒಪ್ಪಿದ್ದಾರೆ. ಬರುವ ತಿಂಗಳು ಧಾರೆ. ಆದರೆ ಗುಳಿಗೆ ಕಡಿಮೆಯಾದಂತೆ ಬೆರಳುಗಳು ಮತ್ತೆ ಸೆಟೆಯುತ್ತಿವೆ. ಅದಕ್ಕೇ ದಿನವೂ ಈ ಬಿಸಿನೀರು. ನಿಮಗೇನು ಆಸೆಯೆಂದು ನಾನು ಅಣ್ಣುವನ್ನು ಕೇಳಿದೆ.

“ನನಗೆಂತ ಆಸೆ? ಐತಪ್ಪಣ್ಣನ ತಲೆ ಈಗ ಸರಿ ಉಂಟು. ಧಾರೆಯ ಗಿಂಡಿ ಅವರೇ ಹಿಡೀಬೇಕು, ಮಗ ಅಲ್ಲ,” ಎಂದವರೇ ಅಣ್ಣು ಐತಪ್ಪನವರ ಹೆಬ್ಬೆರಳಿಗೆ ಕೈ ಹಾಕಿದರು.