ಸೌಟು ಹಿಡಿದವಳಿಗೆ ಬಡಿಸುವವರು ಯಾರು

ನನಗಾಗ ಅರವತ್ತು, ಇಪ್ಪತ್ತೈದು ವರ್ಷದ ಮೇಲಾಯಿತು, ತೊಂಬತ್ತೈದನೇ ಇಸವಿಯೋ ತೊಂಬತ್ತಾರೋ ಇರಬೇಕು. ಸೌಟನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರೋ ಇಲ್ಲವೋ, ಅದರ ಹಿಡಿ ಬಡಿಸುವವಳ ಕಡೆಗಿರುತ್ತದೆ, ಬಾಯಿ ಉಣ್ಣುವವರ ಕಡೆಗೆ. ಹರವೆಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಹಿಡಿಯನ್ನಷ್ಟೇ ಕಂಡವಳು. ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಆದರೂ ಗಣಿತಶಾಸ್ತ್ರದ ಬುನಾದಿಯಲ್ಲೇ ಬಿಟ್ಟ ಬಿರುಕೊಂದರಲ್ಲಿ ನನ್ನ ಕಾಲು ಸಿಕ್ಕಿಕೊಂಡದ್ದು ಆ ಸೌಟಿನ ದೆಸೆಯಿಂದ.

ಎಲ್ಲಕ್ಕೂ ಮೂಲ ಅವರೆಕಾಳು. ನನ್ನ ಮೈದುನ ಕೆಂಪಣ್ಣ ಬಡಿಸುವತನಕ ಕಾಯುವವನಲ್ಲ; ತಾನೇ ಸೌಟು ಇಳಿಸಿ, ಸಾರಿನ ತಳದಿಂದ ಕಾಳನ್ನೆಲ್ಲ ಬಾಚಿಕೊಂಡು, ಮಿಕ್ಕವರಿಗೆ ನೀರು ಉಳಿಸುವ ಧರ್ಮಾತ್ಮ. ಒಂದು ಭಾನುವಾರ ಮಧ್ಯಾಹ್ನ ನನಗೆ ರೇಗಿತು. ಸೌಟು ಕಿತ್ತುಕೊಂಡು ಎಲ್ಲರೂ ಕೇಳುವಂತೆ ಆಣೆ ಇಟ್ಟೆ: “ಈ ಮನೇಲಿ ತಮಗೆ ತಾವೇ ಇಕ್ಕಳೋರ್ಗೆ ನಾನು ಇಕ್ಕಾಕಿಲ್ಲ. ತಾವೇ ಇಕ್ಕಳ್ದೆ ಇರೋರ್ಗೆಲ್ಲ ನಾನೇ ಇಕ್ಕೋದು. ಮಾದಪ್ಪನಾಣೆ!”

ಕೆಂಪಣ್ಣ ತಟ್ಟೆ ಮುಂದಕ್ಕೆ ಒಡ್ಡಿದ. ಆದರೆ ಆ ದಿನ ಊಟಕ್ಕೆ ನನ್ನ ತಮ್ಮನ ಮಗ ನಂಜುಂಡನೂ ಬಂದಿದ್ದ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಗಣಿತ ಹೇಳುವವನು. ಚುಕ್ಕೆಗೆ ಗಾತ್ರವಿಲ್ಲ, ಗೆರೆಗೆ ಅಗಲವಿಲ್ಲ ಎನ್ನುತ್ತಲೇ ಮುದ್ದೆಗೆ ಮಾತ್ರ ಎರಡನ್ನೂ ಬಯಸುವವನು. ಎಲ್ಲರೂ ಕೈತೊಳೆದ ಮೇಲೆ ನಾನು ತಟ್ಟೆ ತೆಗೆದುಕೊಂಡು ಸಾರಿಗೆ ಸೌಟು ಇಳಿಸಿದೆ.

“ತಡಿ ಅತ್ತೆ! ನಿಂಗೆ ನೀನೇ ಇಕ್ಕಂಡ್ರೆ ಆಣೆ ಮುರುದೋಯ್ತದೆ. ಇಕ್ಕಳೋರ್ಗೆ ಇಕ್ಕಾಕಿಲ್ಲ ಅಂದಲ್ಲ?”

“ಅಂಗಾರೆ ಬುಡು, ಇಕ್ಕಳಾಕಿಲ್ಲ.”

“ಇಕ್ಕಳ್ದೆ ಇದ್ರೆ, ಇಕ್ಕಳ್ದೆ ಇರೋರ ಸಾಲ್ಗೆ ಬಂದ್ಬುಟ್ಟೆ. ಅವರ್ಗೆಲ್ಲ ನೀನೇ ಇಕ್ಬೇಕು ಕಣತ್ತೆ!”

ನಗಬೇಡಿ. ಮಾದಪ್ಪನ ಮೇಲಿನ ಆಣೆ ನಮ್ಮ ಕಡೆ ಹುಡುಗಾಟದ ಮಾತಲ್ಲ. ಬೇರೆ ಯಾರಾದರೂ ಬಡಿಸಿದರೂ ‘ನಾನೇ’ ಎಂದದ್ದು ಸುಳ್ಳಾಗುತ್ತದೆ. ಬಿಸಿ ಸಾರಿನ ಮುಂದೆ ಖಾಲಿ ತಟ್ಟೆ ಹಿಡಿದು ನಿಂತೆ, ಆಮೇಲೆ ತಟ್ಟೆಯನ್ನು ಕವುಚಿ ಜಗಲಿಗೆ ಬಂದೆ.

ನಂಜುಂಡ ಸಮಾಧಾನಕ್ಕೆ ಕೂತ. ತನ್ನೊಳಗೆ ತಾನಿಲ್ಲದ ಗಣಗಳನ್ನೆಲ್ಲ ಕೂಡಿಸಿ ಒಂದು ಗಣ ಮಾಡಿದರೆ, ಆ ಗಣ ತನ್ನೊಳಗೆ ತಾನಿರುತ್ತದೋ ಇಲ್ಲವೋ ಎಂದು ಪರದೇಶದ ಪಂಡಿತರೂ ಹೀಗೇ ಒದ್ದಾಡಿದರಂತೆ. ಅವರು ಊಟ ಬಿಟ್ಟಿದ್ದರೇ ಎಂದು ಕೇಳಿದೆ. ಅದು ಅವನಿಗೆ ತಿಳಿಯದು. ಕಡೆಗೆ ಅಂಥ ಗಣ ಇಲ್ಲವೇ ಇಲ್ಲವೆಂದು ತೀರ್ಮಾನವಾಯಿತಂತೆ. ಆ ನ್ಯಾಯದಲ್ಲಿ ನನ್ನ ಆಣೆಯಂತೆ ನಡೆಯಬಲ್ಲ ಹೆಂಗಸೂ ಇರುವುದು ಸಾಧ್ಯವಿಲ್ಲವಂತೆ.

“ಇಲ್ವಾ? ಅಂಗಾರೆ ನಿಂಗೆ ಈಗ ಮುದ್ದೆ ಇಕ್ಕಿದ್ದು ಯಾರ್ಲಾ, ನಿಮ್ಮಪ್ಪನಾ?”

ಬೈದೆನೇ ಹೊರತು, ಪಂಡಿತರನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ‘ಇರೋರ್ಗೆಲ್ಲ’ ಎಂದು ನಾನು ಗಂಟಲು ಹರಿದುಕೊಂಡಾಗ ಆ ಎಲ್ಲರಲ್ಲಿ ನಾನೂ ಒಬ್ಬಳೆಂಬುದು ಮನೆಯವರಾರಿಗೂ ಹೊಳೆದಿರಲಿಲ್ಲ. ಮುಖ್ಯವಾಗಿ ನನಗೇ ಹೊಳೆದಿರಲಿಲ್ಲ.

“ಆ ಪಂಡಿತ್ರು ಆಮೇಕೆ ಏನ್ ಮಾಡುದ್ರು?”

“ಎಲ್ಲ ಅನ್ನೋ ಮಾತ್ಗೆ ಒಂದು ಬೇಲಿ ಆಕುದ್ರು, ಅತ್ತೆ.”

ಬೇಲಿ ಹಾಕುವುದು ನನಗೆ ಬರುವ ವಿದ್ಯೆ. ಆದರೆ ಇಟ್ಟ ಆಣೆಯನ್ನು ಇಳಿಸಲು ಗುಡಿಗೇ ಹೋಗಬೇಕು, ಅದೂ ಮುಂಜಾನೆ ಮಿಂದು. ರಾತ್ರಿಗೂ ನೀರೇ ಗತಿಯಾಯಿತು.

ಮಾರನೆಯ ಬೆಳಿಗ್ಗೆ ಮಾದಪ್ಪನ ಗುಡಿಯಲ್ಲಿ ತಪ್ಪುಕಾಣಿಕೆ ಹಾಕಿ, ‘ನನ್ನೊಬ್ಬಳನ್ನು ಬಿಟ್ಟು’ ಎಂಬ ಬೇಲಿ ಸೇರಿಸಿ ಹೊಸ ಆಣೆ ಇಟ್ಟು ಬಂದೆ. ಅವರೆಕಾಳಿನ ಸಾರು ಮಾಡಿದೆ. ಸೌಟನ್ನು ಕೆಂಪಣ್ಣನ ಕೈಗೆ ಕೊಟ್ಟು, ಗಂಡಸರಿಗಿಂತ ಮೊದಲು ತಟ್ಟೆ ಹಾಕಿಕೊಂಡು ಕೂತೆ. ಸೌಟಿನ ಬಾಯಿ ನನ್ನ ಕಡೆಗೆ ತಿರುಗಿತು.

“ತಳದಿಂದ ಇಕ್ಕು ಕಣ್ಲಾ,” ಎಂದೆ.